ಮೂರನೇ ಸ್ಥಾನಕ್ಕೆ ಮೆರವಣಿಗೆ ಯಾಕೆ?

ಓದುಗರ ಕಾಗದ:

"ಕಳೆದ ಸಂಚಿಕೆಯಲ್ಲಿ ಲೂಟನ್ ಟೌನ್ ಎಂಬ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಬಗ್ಗೆ ಎರಡು ಪುಟ ಹಾಕಿದ್ದೀರಿ. ನನ್ನ ಮಗ ಆ ಊರಿನ ಹತ್ತಿರವೇ ಕೆಲಸದಲ್ಲಿದ್ದಾನೆ. 2023ರ ಮೇ ತಿಂಗಳಲ್ಲಿ ಒಂದು ವಿಡಿಯೋ ಕಳಿಸಿದ್ದ. ಅರವತ್ತು ದಾಟಿದ ಗಂಡಸೊಬ್ಬ ಬಸ್ ಸ್ಟಾಪಿನ ಕಂಬ ತಬ್ಬಿಕೊಂಡು ಅಳುತ್ತಿದ್ದ, ತನ್ನ ಕ್ಲಬ್ಬು ಪ್ರೀಮಿಯರ್ ಲೀಗಿಗೆ ಏರಿತು ಅಂತ. ಮೂವತ್ತೈದು ವರ್ಷ ಲೆಕ್ಕ ಪಾಠ ಮಾಡಿದವನು ನಾನು. ಈ ಲೆಕ್ಕ ಮಾತ್ರ ಕೂಡಿ ಬರುತ್ತಿಲ್ಲ. ಲೀಗಿನಲ್ಲಿ ಮೂರನೇ ಸ್ಥಾನ. ಫೈನಲ್ ಪಂದ್ಯ ಸಮ. ಗೆದ್ದಿದ್ದು ಎದುರಾಳಿ ಒಂದು ಪೆನಾಲ್ಟಿಯಲ್ಲಿ ಗುರಿ ತಪ್ಪಿದ್ದರಿಂದ. ಮರುವರ್ಷವೇ ಮತ್ತೆ ಕೆಳಗೆ. ಇಷ್ಟಕ್ಕೆ ಊರೆಲ್ಲ ಮೆರವಣಿಗೆ! ಚಿನ್ನಸ್ವಾಮಿ ಹೊರಗೆ ಹನ್ನೊಂದು ಜೀವ ಹೋದ ಮೇಲೂ ಅಭಿಮಾನಿಗಳ ಹುಚ್ಚನ್ನು ಚಂದ ಮಾಡಿ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?"
– ನಿವೃತ್ತ ಗಣಿತ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಓದಿ ಆಫೀಸಿನಲ್ಲಿ ಇಬ್ಬರು ನಕ್ಕರು. ಒಬ್ಬ ಸುಮ್ಮನಾದ. ಆ ಸುಮ್ಮನಾದವನು ನಾನೇ. ನಿಮ್ಮ ಕೊನೆಯ ಪ್ರಶ್ನೆಗೆ ಥಟ್ಟನೆ ಹೇಳುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡೋಣ.

ನಿಮ್ಮ ಲೆಕ್ಕ ತಪ್ಪಿಲ್ಲ. ಆದರೆ ನೀವು ನೋಡಿದ್ದು ಖಾತೆ ಪುಸ್ತಕದ ಕೊನೆಯ ಪುಟ ಮಾತ್ರ. ಆ ಪುಸ್ತಕ 1992ರಿಂದ ಶುರುವಾಗುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್‌ನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್ ಹುಟ್ಟಿದ್ದು ಆ ವರ್ಷ. ಅಲ್ಲಿ ಪ್ರತಿ ವರ್ಷ ಪಟ್ಟಿಯ ಕೊನೆಯವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ, ಕೆಳಗಿನ ದರ್ಜೆಯ ಮೊದಲಿನವರು ಮೇಲೆ ಬರುತ್ತಾರೆ. ಅದು ಹುಟ್ಟಬೇಕು ಎಂದು ಒಪ್ಪಿ ಕೈ ಎತ್ತಿದ ಕ್ಲಬ್ಬುಗಳಲ್ಲಿ ಲೂಟನ್ ಕೂಡ ಒಂದು. ಆದರೆ ಹೊಸ ಲೀಗ್ ಶುರುವಾಗುವ ಕೆಲವೇ ತಿಂಗಳ ಮುಂಚೆ ಲೂಟನ್ ಮೇಲಿನ ದರ್ಜೆಯಿಂದ ಜಾರಿಬಿತ್ತು. ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿಕೊಂಡು, ಇನ್ನೇನು ಉಪ್ಪು ಬಡಿಸಬೇಕು ಅನ್ನುವಾಗ ಎಬ್ಬಿಸಿದ ಹಾಗೆ. ಊಟದ ವಾಸನೆ ಮಾತ್ರ ಹೊರಗೆ ನಿಂತವರಿಗೆ 31 ವರ್ಷ ಬರುತ್ತಲೇ ಇತ್ತು.

ಅಲ್ಲಿಗೆ ನಿಂತಿದ್ದರೂ ಸರಿ. 2007, 2008, 2009, ಮೂರು ವರ್ಷ ಸಾಲಾಗಿ ಮೂರು ಮೆಟ್ಟಿಲು ಕೆಳಗೆ. ನಮ್ಮ ಕಚೇರಿ ಭಾಷೆಯಲ್ಲಿ ಹೇಳಬೇಕೆಂದರೆ ಸತತ ಮೂರು ಹಿಂಬಡ್ತಿ. ಕೊನೆಯದು ನಿಮ್ಮಂಥವರು ಕೇಳಲೇಬೇಕಾದ ಲೆಕ್ಕ. ಹಿಂದಿನ ಆಡಳಿತದವರ ಹಣಕಾಸಿನ ಎಡವಟ್ಟಿಗೆ ಕ್ಲಬ್ಬಿನ 30 ಪಾಯಿಂಟ್ ಕಿತ್ತುಕೊಂಡರು. 2008-09ರ ಸೀಸನ್ ಶುರುವಾಗಿದ್ದೇ ಮೈನಸ್ 30ರಿಂದ. ಆಟಗಾರರು ಮೈದಾನದಲ್ಲಿ ಓಡಿ ಬೆವರು ಸುರಿಸಿ ಸಂಪಾದಿಸಿದ್ದು 56. ಪಟ್ಟಿಯಲ್ಲಿ ಕಂಡಿದ್ದು 26. ಆ 56 ಇದ್ದಿದ್ದರೆ ನೆಮ್ಮದಿಯಾಗಿ ಉಳಿಯುತ್ತಿದ್ದರು. ಸಹಿ ಹಾಕಿದವರು ಯಾರೋ, ಫೇಲಾದವರು ಯಾರೋ.

ಅದೇ 2009ರ ಏಪ್ರಿಲ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಕೆಳಗಿನ ದರ್ಜೆಗಳ ಕ್ಲಬ್ಬುಗಳಿಗೇ ಇರುವ ಒಂದು ಕಪ್ಪಿನ ಫೈನಲ್‌ಗೆ ಲೂಟನ್ ಹೋಯಿತು. ಪಟ್ಟಿಯ ತಳದಲ್ಲಿ ಕೂತ ಆ ತಂಡದ ಹಿಂದೆ ಸುಮಾರು 40 ಸಾವಿರ ಜನ ಲಂಡನ್ನಿನ ವೆಂಬ್ಲಿಗೆ ಹೋದರು. ಸ್ಕನ್‌ಥಾರ್ಪ್ ವಿರುದ್ಧ 3-2ರಿಂದ ಗೆದ್ದರು. ಕಪ್ಪು ಮನೆಗೆ ಬಂತು. ಅದೇ ತಿಂಗಳು ಕ್ಲಬ್ಬು ಫುಟ್‌ಬಾಲ್ ಲೀಗಿನಿಂದಲೇ ಹೊರಗೆ ಹೋಯಿತು. ಮೇಲಿನ ನಾಲ್ಕು ದರ್ಜೆ ದಾಟಿ ಐದನೆಯದಕ್ಕೆ. ಇಂಗ್ಲೆಂಡಿನವರು ಅದನ್ನು 'ನಾನ್-ಲೀಗ್' ಅನ್ನುತ್ತಾರೆ. ಲೀಗ್ ಅಲ್ಲದ್ದು. ಹೆಸರೇ ಸಾಕಲ್ವಾ?

ಅಲ್ಲಿ ಐದು ವರ್ಷ. ಮೇಲೆ ಬರಲು ಪ್ಲೇ-ಆಫ್ ಆಡಿ 2010ರಲ್ಲಿ ಸೋತರು. 2011ರಲ್ಲಿ ಫೈನಲ್ ತಲುಪಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. 2012ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2014ರಲ್ಲಿ ಅಂತೂ ಮೇಲೆ ಬಂದರು. 2018ರಲ್ಲಿ ಇನ್ನೊಂದು ಮೆಟ್ಟಿಲು. 2019ರಲ್ಲಿ ಮತ್ತೊಂದು. ಈ ಮೆಟ್ಟಿಲುಗಳನ್ನೆಲ್ಲ ಅವರ ಜೊತೆಗೇ ಹತ್ತಿದ ಒಬ್ಬ ಆಟಗಾರ ಇದ್ದಾನೆ, ಪೆಲ್ಲಿ ರಡಕ್ ಎಂಪಾನ್ಜು. ಐದನೇ ದರ್ಜೆಯಲ್ಲಿದ್ದಾಗ ಬಂದು ಸೇರಿದವನು. ಒಂದೇ ಕ್ಲಬ್ಬಿನಲ್ಲಿದ್ದುಕೊಂಡು ನಾನ್-ಲೀಗಿನಿಂದ ಪ್ರೀಮಿಯರ್ ಲೀಗ್‌ವರೆಗೆ ಬಂದ ಮೊದಲ ಆಟಗಾರ.

ಈಗ ನಿಮ್ಮ 'ಮೂರನೇ ಸ್ಥಾನ'. ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಇಬ್ಬರಿಗೆ ನೇರ ಬಡ್ತಿ. ಮೂರರಿಂದ ಆರನೇ ಸ್ಥಾನದವರು ಆಗ ಇನ್ನೊಂದು ಜಾಗಕ್ಕೆ ತಮ್ಮತಮ್ಮಲ್ಲೇ ಬಡಿದಾಡಬೇಕಿತ್ತು. ಲೂಟನ್ 80 ಪಾಯಿಂಟ್ ತೆಗೆದು ಮೂರನೆಯವರಾಗಿದ್ದರು. ಫೈನಲ್‌ನಲ್ಲಿ ಎದುರಿಗೆ ಬಂದ ಕೋವೆಂಟ್ರಿಯದು 70, ಐದನೇ ಸ್ಥಾನ. ಹತ್ತು ಪಾಯಿಂಟ್ ಜಾಸ್ತಿ ಇದ್ದರೂ ಸೊನ್ನೆಯಿಂದ ಶುರು. ನೀವು ಇದನ್ನು ಅನ್ಯಾಯ ಅನ್ನುತ್ತೀರಿ. ನಾನೂ ಅನ್ನುತ್ತೇನೆ. ಆದರೆ ನೋಡುವುದನ್ನು ಬಿಡಲ್ಲ.

2023ರ ಮೇ 27, ಶನಿವಾರ. ನಮಗೆ ಆಗ ರಾತ್ರಿ. ನಾನು ಮನೆಯವರ ನಿದ್ದೆ ಕೆಡದಿರಲಿ ಎಂದು ಶಬ್ದ ಪೂರ್ತಿ ತೆಗೆದು ಫೋನಿನಲ್ಲಿ ನೋಡುತ್ತಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಲೂಟನ್ ನಾಯಕ ಟಾಮ್ ಲಾಕಿಯರ್ ಕುಸಿದುಬಿದ್ದ. ಯಾರೂ ತಳ್ಳಿರಲಿಲ್ಲ, ಕಾಲು ತಾಗಿಸಿರಲಿಲ್ಲ. ಸೆಮಿಫೈನಲ್‌ನಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಗೋಲು ಹೊಡೆದು ತಂಡವನ್ನು ಇಲ್ಲಿಗೆ ತಂದವರಲ್ಲಿ ಇವನೂ ಒಬ್ಬ. ಸ್ಟ್ರೆಚರ್ ಮೇಲೆ ಹಾಕಿಕೊಂಡು ಹೋದರು. ಶಬ್ದ ಇಲ್ಲದೆ ನೋಡುವಾಗ ಇಂಥದ್ದು ಇನ್ನೂ ಭಯ ಹುಟ್ಟಿಸುತ್ತದೆ. ಗ್ಯಾಲರಿಯ ಮುಖಗಳು ಮಾತ್ರ ಕಾಣುತ್ತವೆ.

ಆಮೇಲೆ 23ನೇ ನಿಮಿಷಕ್ಕೆ ಜೋರ್ಡನ್ ಕ್ಲಾರ್ಕ್ ಗೋಲು ಹೊಡೆದ. 66ನೇ ನಿಮಿಷಕ್ಕೆ ಕೋವೆಂಟ್ರಿಯ ಗುಸ್ತಾವೊ ಹಾಮರ್ ಸಮ ಮಾಡಿದ. ಹೆಚ್ಚುವರಿ ಸಮಯದ ಕೊನೆ ಕೊನೆಗೆ ಲೂಟನ್ನಿನ ಜೋ ಟೇಲರ್ ಚೆಂಡು ಕಿತ್ತುಕೊಂಡು ಓಡಿ ಬಲೆಗೆ ಹಾಕಿಯೇಬಿಟ್ಟ. ಅರ್ಧ ಸ್ಟೇಡಿಯಂ ಗಾಳಿಯಲ್ಲಿತ್ತು. ಅಷ್ಟರಲ್ಲಿ ವಿಡಿಯೋ ನೋಡುವ ರೆಫರಿ ಕರೆದರು. ಚೆಂಡು ಕೈಗೆ ತಾಗಿದೆ, ಗೋಲು ಇಲ್ಲ. ಮೇಲೆ ಹಾರಿದವರು ಕೆಳಗೆ ಬರುವಷ್ಟರಲ್ಲಿ ನೆಲವೇ ಇರಲಿಲ್ಲ ಅನ್ನಿ.

ಪೆನಾಲ್ಟಿ ಶೂಟೌಟ್. ಹತ್ತು ಒದೆತ, ಹತ್ತೂ ಗೋಲು. 5-5. ಲೂಟನ್ನಿನ ಡ್ಯಾನ್ ಪಾಟ್ಸ್ ಆರನೆಯದನ್ನೂ ಹಾಕಿದ. ಕೋವೆಂಟ್ರಿಯ ಫಂಕಾಟಿ ಡಾಬೊ ಒದ್ದ ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಮುಗಿಯಿತು.

ನಾನು ಹೀಗೆ ಮುಗಿದಾಗಲೆಲ್ಲ ಮೊದಲು ನೋಡುವುದು ಗುರಿ ತಪ್ಪಿದವನ ಕಡೆಗೆ. ಡಾಬೊ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ಆಮೇಲೆ ಅವನಿಗೆ ಆನ್‌ಲೈನಿನಲ್ಲಿ ಬಣ್ಣ ಹಿಡಿದು ಬೈದವರಿದ್ದರು, ಅವನ ಕ್ಲಬ್ಬು ಅದನ್ನು ಖಂಡಿಸಿತು. ನಮ್ಮ ಲೇಖನದಲ್ಲಿ ಇದು ಒಂದು ಸಾಲೂ ಬರಲಿಲ್ಲ. ಬರಬೇಕಿತ್ತು. ಕೋವೆಂಟ್ರಿಯೂ ಉಂಡು ಕೂತವರ ಕ್ಲಬ್ಬಲ್ಲ. ಸ್ವಂತ ಊರಲ್ಲಿ ಮೈದಾನ ಇಲ್ಲದೆ ಬೇರೆ ಊರುಗಳಲ್ಲಿ ಆಡಿಕೊಂಡು ಬಂದವರು. ಆ ಫೈನಲ್‌ಗೆ ಐದು ವರ್ಷ ಹಿಂದೆ ಈ ಎರಡೂ ತಂಡ ನಾಲ್ಕನೇ ದರ್ಜೆಯಲ್ಲಿ ಒಟ್ಟಿಗೇ ಇದ್ದವು.

ಲಾಕಿಯರ್ ಶೂಟೌಟ್ ನೋಡಿದ್ದು ಆಸ್ಪತ್ರೆ ಹಾಸಿಗೆಯಿಂದ.

ಈಗ ಹೇಳಿ ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಾಸ್ತಿ ಪೇಡ ಹಂಚಿದ್ದು ಯಾರು? ರ‍್ಯಾಂಕ್ ಬಂದ ಹುಡುಗಿಯ ಮನೆಯವರಾ? ಅಲ್ಲ. ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ 35 ತೆಗೆದವನ ಅಪ್ಪ. ಬೀದಿಗೆಲ್ಲ ಹಂಚಿರುತ್ತಾನೆ, ಗೊತ್ತಿಲ್ಲದವರಿಗೂ ಕೊಟ್ಟಿರುತ್ತಾನೆ. ನಿಮ್ಮ ಕಾಲಿಗೂ ಬಿದ್ದಿರುತ್ತಾನೆ. ಆಗ ನೀವು "ಬರೀ ಮೂವತ್ತೈದಕ್ಕೆ ಇಷ್ಟೊಂದು ಯಾಕಪ್ಪಾ" ಅಂದಿರಾ? ಅಂದಿರಲಿಕ್ಕಿಲ್ಲ. ಪೇಡ ತಿಂದಿರುತ್ತೀರಿ.

ಮರುವರ್ಷವೇ ಕೆಳಗೆ ಬಂದರಲ್ಲ ಅನ್ನುತ್ತೀರಿ. ನಿಜ. ಪ್ರೀಮಿಯರ್ ಲೀಗಿನಲ್ಲಿ ಆರು ಗೆಲುವು, 18ನೇ ಸ್ಥಾನ. ಪಾಯಿಂಟ್ ಎಷ್ಟು ಗೊತ್ತಾ? 26. ಹಳ್ಳಕ್ಕೆ ಬಿದ್ದ ವರ್ಷ ಪಟ್ಟಿಯಲ್ಲಿದ್ದ ಅದೇ 26! 2025ರಲ್ಲಿ ಇನ್ನೂ ಒಂದು ಮೆಟ್ಟಿಲು ಜಾರಿ ಮೂರನೇ ದರ್ಜೆಗೆ ಹೋದರು. ಹಾಗಂತ ಆ ಶನಿವಾರದ ಸಂತೋಷವನ್ನು ವಾಪಸ್ ಕೊಡಬೇಕಾ? ಮಗ ಮುಂದೆ ಪಿಯುಸಿಯಲ್ಲಿ ಫೇಲಾದ ಅಂತ ಹತ್ತನೇ ತರಗತಿಯ ಪೇಡವನ್ನು ಯಾರೂ ವಾಪಸ್ ಕೇಳುವುದಿಲ್ಲ.

ನನಗೆ ಅನಿಸುವುದು ಇಷ್ಟು. ಬೀಳುವ ಭಯ ಇದ್ದ ಕಡೆ ಮಾತ್ರ ಏರಿದ್ದಕ್ಕೆ ಈ ಥರದ ಅಳು ಬರುತ್ತದೆ. ನಮ್ಮ ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ಕುರ್ಚಿ, ಅದೇ ಹರಾಜು. ಯಾರೂ ಬೀಳುವುದಿಲ್ಲ. ಹಾಗಾಗಿ ಕೆಳಗಿನಿಂದ ಯಾರೂ ಹತ್ತಿ ಬರುವುದೂ ಇಲ್ಲ. ಕಪ್ಪು ಗೆದ್ದ ಖುಷಿ ನಮಗೆ ಗೊತ್ತು. ಬಡ್ತಿಯ ಖುಷಿ ಬೇರೆ.

ಗೊತ್ತೇ ಇಲ್ಲ ಅನ್ನುವಂತೆಯೂ ಇಲ್ಲ. ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಎ, ಬಿ, ಸಿ ಡಿವಿಷನ್‌ಗಳಿವೆ, ಮೇಲೆ ಸೂಪರ್ ಡಿವಿಷನ್. ನಮ್ಮಲ್ಲಿ ಹಿಂದೆ ಇದ್ದ ಪ್ರೂಫ್ ರೀಡರ್ ಒಬ್ಬರು ತಮ್ಮ ಬೀದಿಯ ತಂಡ ಸಿ ಡಿವಿಷನ್‌ನಿಂದ ಬಿ ಡಿವಿಷನ್‌ಗೆ ಬಂದ ಸಂಜೆ ನನ್ನನ್ನು ಕರೆದುಕೊಂಡು ಹೋಗಿದ್ದರು. ಬಸ್ಸು ಎಲ್ಲಿಂದ ಬರಬೇಕು? ಗೋಲ್‌ಕೀಪರನ ಮಾವನ ಆಟೋಗೆ ಬಾವುಟ ಕಟ್ಟಿದರು. ಏಳು ಜನ ಹುಡುಗರು ಜೋತುಬಿದ್ದು ಬೀದಿಗೆ ಮೂರು ಸುತ್ತು ಹಾಕಿದರು. ಮೀಟರ್ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಎರಡನೇ ಸುತ್ತಿಗೆ ಮಹಡಿ ಮೇಲಿಂದ ಒಬ್ಬ ಅಜ್ಜಿ "ಯಾರ ಮದುವೆರೋ" ಅಂತ ಕೂಗಿ ಕೇಳಿದರು. ಪ್ರೂಫ್ ರೀಡರ್ ಆಟೋದ ಹಿಂದೆ ಓಡುತ್ತಾ "ಬಿ ಡಿವಿಷನ್ ಅಜ್ಜೀ, ಬಿ ಡಿವಿಷನ್" ಅಂತ ಕಿರುಚಿದರು. ಅಜ್ಜಿ ಅಕ್ಕಿ ಕಾಳು ಹಾಕಿದರು. ಮರುದಿನ ಅವರು ನೋಡಿದ ಪುಟಗಳಲ್ಲಿ ಒತ್ತಕ್ಷರ ಒಂದೂ ಸರಿ ಇರಲಿಲ್ಲ.

ಇನ್ನು ಚಿನ್ನಸ್ವಾಮಿ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ನಮ್ಮ ಬೀದಿಯಲ್ಲೂ ಪಟಾಕಿ ಹೊಡೆದರು. ನಾನೂ ಹೊರಗೆ ಬಂದು ನಿಂತಿದ್ದೆ. 18 ವರ್ಷ ಕಾದವರು. ಅವರ ಖುಷಿಯನ್ನು ತಪ್ಪು ಅನ್ನಲು ಆಗಲೂ ನನಗೆ ಆಗಲಿಲ್ಲ, ಈಗಲೂ ಆಗುತ್ತಿಲ್ಲ. ಮರುದಿನ ಸಂಜೆಗೆ ಹನ್ನೊಂದು ಜನ ಇರಲಿಲ್ಲ. ಲೂಟನ್ ಶನಿವಾರ ಗೆದ್ದಿತು, ತೆರೆದ ಬಸ್ಸಿನ ಮೆರವಣಿಗೆ ಸೋಮವಾರ. ನಡುವೆ ಒಂದಿಡೀ ಭಾನುವಾರ. ನಮ್ಮಲ್ಲಿ ಒಂದು ಹಗಲು ಕೂಡ ನಡುವೆ ಇರಲಿಲ್ಲ. ಊರುಗಳ ಗಾತ್ರ ಬೇರೆ, ಹೋಲಿಕೆ ಪೂರ್ತಿ ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ಆದರೆ ಆ ಮಕ್ಕಳು ಸತ್ತಿದ್ದು ಹುಚ್ಚಿನಿಂದ ಎಂದು ಬರೆದರೆ, ಗೇಟು, ದಾರಿ, ಹೊತ್ತು ಇವನ್ನೆಲ್ಲ ಯೋಚಿಸಬೇಕಾದವರು ಪಾರಾಗಿಬಿಡುತ್ತಾರೆ. ಆ ಮಕ್ಕಳು ಬಂದಿದ್ದು ತಮ್ಮ ತಂಡವನ್ನು ಒಂದು ಸಲ ಕಣ್ಣಾರೆ ನೋಡಲು.

ಒಂದು ವಿಷಯದಲ್ಲಿ ನೀವು ಗೆದ್ದಿರಿ. ನಮ್ಮ ಲೇಖನವನ್ನು ಮತ್ತೆ ತೆಗೆದು ಓದಿದೆ. 'ಹುಚ್ಚು' ಎಂಬ ಪದ ನಾಲ್ಕು ಸಲ ಇದೆ, ನಾಲ್ಕೂ ಸಲ ಹೊಗಳಿಕೆಯಾಗಿ. ಅಚ್ಚಿಗೆ ಹೋಗುವ ಮುಂಚೆ ಅದನ್ನು ನೋಡಿದವನು ನಾನೇ. ಈ ಊರಿನಲ್ಲಿ ಕೂತು ಹಾಗೆ ಬರೆಯಬಾರದಿತ್ತು.

ಕೊನೆಗೆ, ಕಂಬ ತಬ್ಬಿಕೊಂಡವರ ವಿಷಯ. ಅವರು ಯಾರೋ ನನಗೆ ಗೊತ್ತಿಲ್ಲ. ಅರವತ್ತು ದಾಟಿದವರು ಅಂದರೆ 1992ರಲ್ಲಿ ಮೂವತ್ತರ ಆಸುಪಾಸು. ಉಳಿದ ಲೆಕ್ಕ ನೀವೇ ಮಾಡಿಕೊಳ್ಳಿ.

ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ. ಲೂಟನ್ನಿನ ಮೈದಾನ ಕೆನಿಲ್‌ವರ್ತ್ ರೋಡ್ ಇರುವುದು ಬೆರಿ ಪಾರ್ಕ್ ಎಂಬಲ್ಲಿ. ನಮ್ಮ ಉಪಖಂಡದ ಮುಖಗಳೂ ಅಂಗಡಿಗಳೂ ಜಾಸ್ತಿ ಇರುವ ಬಡಾವಣೆ. ಹನ್ನೊಂದು-ಹನ್ನೆರಡು ಸಾವಿರ ಜನ ಹಿಡಿಸುವ ಪುಟ್ಟ ಮೈದಾನ. ಓಕ್ ರೋಡ್ ಕಡೆಯ ಬಾಗಿಲು ಸಾಲು ಮನೆಗಳ ನಡುವೆಯೇ ಇದೆ, ಯಾರದೋ ಮನೆಗೆ ನುಗ್ಗಿದ ಹಾಗೆ ಒಳಗೆ ಹೋಗಬೇಕು. ಆಮೇಲೆ ಹತ್ತುವ ಕಬ್ಬಿಣದ ಮೆಟ್ಟಿಲಿನ ಪಕ್ಕಕ್ಕೇ ಅವರ ಹಿತ್ತಿಲು. ಪವರ್ ಕೋರ್ಟ್ ಎಂಬಲ್ಲಿ ಹೊಸ ಸ್ಟೇಡಿಯಂ ಕಟ್ಟಲು 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಹಳೆಯದು ಇರುವಾಗಲೇ ಒಂದು ಪಂದ್ಯಕ್ಕೆ ಹೋಗಿ ಬರಲಿ. ಪಂದ್ಯದ ದಿನ ಆ ಹಿತ್ತಿಲುಗಳಲ್ಲಿ ಬಟ್ಟೆ ಒಣಗಿ ಹಾಕಿರುತ್ತಾರಾ, ಒಳಗೆ ತಗೊಂಡಿರುತ್ತಾರಾ ನೋಡಿ ಬರೆಯಲಿ. ಫೋಟೋ ಕಳಿಸಿದರೆ ಹಾಕುತ್ತೇವೆ.

– ಸಂಪಾದಕ