ರೇಟ್ ಜಾಸ್ತಿ ಮಾಡಿದ್ರೆ ಬೈತಾರೆ, ಕೊಟ್ಟಿದ್ದನ್ನ ಕಿತ್ಕೊಂಡ್ರೆ ಬಿಟ್ಟೇ ಹೋಗ್ತಾರೆ

ಈ ಸಲ ಪತ್ರಗಳೆಲ್ಲ ಗೇಮಿಂಗ್ ಮೇಲೇ ಬಂದಿದಾವೆ, ಅದೂ ಹಾಸನ ಚಿಕ್ಕಮಗಳೂರು ಕಡೆಯಿಂದ. ಯಾವ ಮೊಬೈಲ್ ತಗೊಳ್ಲಿ ಅಂತ ಕೇಳಿದೋರು ಮುಂದಿನ ಸಂಚಿಕೆ ತನಕ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸರ್, ಚಿಕ್ಕೋನಿದ್ದಾಗಿಂದ ನಮ್ಮನೇಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಕನ್ಸೋಲ್, ಅದೇ ಟಿವಿಗೆ ಹಾಕಿ ಗೇಮ್ ಆಡೋ ಮೆಷೀನು. ಈಗ ಹೊಸದು ತಗೋಬೇಕು, ರೂಮಲ್ಲಿರೋರೆಲ್ಲ ಸೋನಿಯ ಪ್ಲೇಸ್ಟೇಷನ್ 5, ಅದೇ ಪಿಎಸ್5 ಪಾರ್ಟಿ. 2013ರಲ್ಲಿ ಮೈಕ್ರೋಸಾಫ್ಟ್ ಮಾಡ್ಕೊಂಡ ಎಡವಟ್ಟಿಂದ ಅವ್ರು ಇನ್ನೂ ಎದ್ದಿಲ್ಲ ಅಂತ ರೇಗಿಸ್ತಾರೆ. ಅದನ್ನ ಆಗ್ಲೇ ವಾಪಸ್ ತಗೊಂಡ್ರಲ್ಲ, ಇಷ್ಟು ವರ್ಷ ಆದ್ಮೇಲೂ ಅದೇ ಕಾರಣ ಅಂದ್ರೆ ಹೆಂಗೆ? (ಹೆಸರು ಬೇಡ, ಸಾಲಗಾಮೆ ರಸ್ತೆ, ಹಾಸನ)

ಉತ್ತರ: ಅವ್ರು ಹೇಳೋದ್ರಲ್ಲಿ ನಿಜ ಇದೆ ಕಣಪ್ಪಾ. ಗೊತ್ತಿಲ್ದೋರಿಗೆ ಮೊದ್ಲು ಕತೆ ಹೇಳ್ಬಿಡ್ತೀನಿ. 2013ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್, ಅಂದ್ರೆ 360 ನಂತರದ ಮೆಷೀನ್, ತೋರಿಸಿದ್ಮೇಲೆ ಕಂಪ್ನಿ ಹಾಕಿದ್ದ ಕಂಡೀಷನ್ ಏನಪ್ಪಾ ಅಂದ್ರೆ, 24 ಗಂಟೆಗೆ ಒಂದ್ಸಲನಾದ್ರೂ ಇಂಟರ್ನೆಟ್‌ಗೆ ಕನೆಕ್ಟ್ ಆಗ್ಲೇಬೇಕು ಇಲ್ಲಾಂದ್ರೆ ಗೇಮ್ ಓಡಲ್ಲ, ದುಡ್ ಕೊಟ್ಟು ತಗೊಂಡ ಡಿಸ್ಕನ್ನ ಫ್ರೆಂಡಿಗೆ ನಾಲ್ಕು ದಿನ ಆಡಿ ಕೊಡೋ ಅಂತ ಕೊಡಂಗಿಲ್ಲ, ಸೆಕೆಂಡ್‌ಹ್ಯಾಂಡ್ ಮಾರ್ಬೇಕಂದ್ರೂ ಅವ್ರು ಒಪ್ಪಿದ ಅಂಗಡಿನೇ ಆಗ್ಬೇಕು. ನೆಟ್ ಇಲ್ದೋರು ಏನ್ಮಾಡ್ಬೇಕು ಅಂತ ಕೇಳಿದ್ರೆ ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅಂಥೋರಿಗೆ 360 ಇದ್ಯಲ್ಲ ಅಂದ್ಬಿಟ್ರು. (ಸಕಲೇಶಪುರದ ಮಳೆಗಾಲ ನೋಡಿರ್ಲಿಲ್ಲ ಪಾಪ.) ಮೇಲಿಂದ ಕಿನೆಕ್ಟ್ ಕ್ಯಾಮೆರಾ ಬೇಕೋ ಬೇಡ್ವೋ ಜೊತೆಗೇ ಸೇರಿಸಿ 499 ಡಾಲರ್ ರೇಟು. ಜೂನಲ್ಲಿ ಸೋನಿಯವ್ರು ಪಿಎಸ್4ಗೆ 399 ಅಂದ್ರು, ಅದ್ರ ಜೊತೆ ಒಂದು ಪುಟ್ಟ ವಿಡಿಯೋ ಬಿಟ್ರು, ಗೇಮ್ ಶೇರ್ ಮಾಡೋದು ಹೆಂಗೆ ಅಂತ. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡ್ತಾನೆ, ಅವ್ನು ಥ್ಯಾಂಕ್ಸ್ ಅಂತಾನೆ, ಅಷ್ಟೇ ವಿಡಿಯೋ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಇಂಟರ್ನೆಟ್ ಕಂಡೀಷನ್ನೂ ಡಿಸ್ಕ್ ಕಂಡೀಷನ್ನೂ ವಾಪಸ್ ತಗೊಳ್ತು.

ವಾಪಸ್ ತಗೊಂಡ್ರೂ ಯಾಕೆ ಎದ್ದೇಳಕ್ಕಾಗ್ಲಿಲ್ಲ ಅಂದ್ರೆ, ಜನ ಡಿಸ್ಕ್ ಬಿಟ್ಟು ತಮ್ಮ ಅಕೌಂಟಲ್ಲಿ ಡೌನ್‌ಲೋಡ್ ಗೇಮ್ ಕೊಳ್ಳೋಕೆ ಜೋರಾಗಿ ಶುರು ಮಾಡಿದ್ದೇ ಆ ಪೀಳಿಗೆಯ ಕನ್ಸೋಲಲ್ಲಿ. 2014ರಲ್ಲಿ ಪಿಎಸ್4 ತಗೊಂಡು ಐದಾರು ವರ್ಷ ಅದ್ರಲ್ಲೇ ಗೇಮ್ ಗುಡ್ಡೆ ಹಾಕ್ಕೊಂಡೋನು, ಅವನ ಫ್ರೆಂಡ್ಸೂ ಅಲ್ಲೇ, ಪಿಎಸ್5ಲ್ಲಿ ಆ ಹಳೇ ಗೇಮ್ ಹೆಚ್ಚುಕಮ್ಮಿ ಎಲ್ಲಾ ಓಡ್ತವೆ, ಅವ್ನು ಯಾಕೆ ಈಕಡೆ ಬರ್ತಾನೆ ಹೇಳು? ಇದನ್ನ ಎಕ್ಸ್‌ಬಾಕ್ಸಿನ ಆಗಿನ ಮುಖ್ಯಸ್ಥ ಫಿಲ್ ಸ್ಪೆನ್ಸರೇ 2023ರಲ್ಲಿ ಒಪ್ಕೊಂಡಿದ್ರು, ಸೋಲಬಾರದ ಪೀಳಿಗೆಯಲ್ಲೇ ಸೋತ್ವಿ ಅನ್ನೋ ಅರ್ಥದಲ್ಲಿ. ಪಿಎಸ್4 11.7 ಕೋಟಿ ದಾಟ್ತು. ಎಕ್ಸ್‌ಬಾಕ್ಸ್ ಒನ್ ಎಷ್ಟು ಅಂತ ಕಂಪ್ನಿ ಲೆಕ್ಕ ಹೇಳೋದೇ ನಿಲ್ಲಿಸ್ತು, ಕೊನೆಗೆ ಬ್ರೆಜಿಲ್ ಸರ್ಕಾರಕ್ಕೆ ಕೊಟ್ಟ ಕಾಗದದಲ್ಲಿ ಸೋನಿ ನಮ್ಮ ಎರಡರಷ್ಟಕ್ಕಿಂತ ಜಾಸ್ತಿ ಮಾರಿದೆ ಅಂತ ಬರೆದಿದ್ರು.

ನನ್ನ ಪ್ರಕಾರ ಜನ ತುಂಬಾ ಕ್ಷಮಿಸ್ತಾರೆ. ನಿಮ್ಮನೆ 360ನೇ ತಗೋ, ಕೆಂಪು ಲೈಟ್ ಬಂದು ಸಾಯ್ತಿದ್ದ ಮೆಷೀನ್ ಅದು. 2007ರಲ್ಲಿ ಕಂಪ್ನಿ ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿಟ್ಟು ವಾರಂಟಿನ ಮೂರು ವರ್ಷಕ್ಕೆ ಏರಿಸ್ತು, ಜನ ಬಿಟ್ಟೋಗ್ಲಿಲ್ಲ. ನಿಂಟೆಂಡೊ ಕಂಪ್ನಿಯ ಕೈಲಿ ಹಿಡ್ಕೊಂಡು ಆಡೋ 3ಡಿಎಸ್ 2011ರಲ್ಲಿ 249 ಡಾಲರ್‌ಗೆ ಓಡ್ಲಿಲ್ಲ, ಕೆಲವೇ ತಿಂಗಳಲ್ಲಿ 169ಕ್ಕೆ ಇಳಿಸಿದ್ರು, ಮೊದ್ಲೇ ಕೊಂಡೋರು ಹೊಟ್ಟೆ ಉರ್ಕೊಳ್ಳೋದ್ ಬೇಡ ಅಂತ ಅವರಿಗೆ 20 ಹಳೇ ಗೇಮ್ ಫ್ರೀ ಕೊಟ್ರು. ಅಧ್ಯಕ್ಷ ಸಟೋರು ಇವಾಟಾ ತನ್ನ ಸಂಬಳನೇ ಅರ್ಧ ಕಡಿಮೆ ಮಾಡ್ಕೊಂಡ್ರು. ಇಂಥದಕ್ಕೆ ಜನ ಕರಗ್ತಾರೆ. ಕೊಂಡ ವಸ್ತು ಪೂರ್ತಿ ನಿಂದಲ್ಲ ಅಂದ್ರೆ ಮಾತ್ರ ಆಗಲ್ಲ. ಹಾಗಂತ ಸೋನಿನೂ ಸಾಚಾ ಅಲ್ಲ, ಪಿಎಸ್3ಲ್ಲಿ ಲಿನಕ್ಸ್ ಹಾಕಿ ಕಂಪ್ಯೂಟರ್ ಥರ ಬಳಸೋ ಸೌಲಭ್ಯ ಕೊಟ್ಟು 2010ರಲ್ಲಿ ಅಪ್‌ಡೇಟ್ ಕಳಿಸಿ ಕಿತ್ಕೊಳ್ತು, ಕೇಸೂ ಆಯ್ತು. ಅದನ್ನ ಬಳಸ್ತಿದ್ದೋರು ಕಮ್ಮಿ, ಬಚಾವಾದ್ರು.

ಆಮೇಲೆ 2025ರ ಅಕ್ಟೋಬರಲ್ಲಿ ಚಂದಾ ಕಟ್ಟಿ ತುಂಬಾ ಗೇಮ್ ಆಡೋ ಎಕ್ಸ್‌ಬಾಕ್ಸಿನ ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ ತಿಂಗಳಿಗೆ 19.99 ಇದ್ದಿದ್ದು ಒಂದೇ ಏಟಿಗೆ 29.99 ಡಾಲರ್ ಆಯ್ತು. ಎಕ್ಸ್‌ಬಾಕ್ಸಿನ ಹೆಸರಾಂತ ಗೇಮ್ ಗೇರ್ಸ್ ಆಫ್ ವಾರ್ ಪಿಎಸ್5ಗೂ ಬಂತು, ಹೇಲೋನೂ ತರ್ತೀವಿ ಅಂದ್ರು. ಎಕ್ಸ್‌ಬಾಕ್ಸಲ್ಲಿ ಮಾತ್ರ ಸಿಗೋದು ಅಂತ ಉಳಿಯೋದೇನು, ನೀನೇ ಲೆಕ್ಕ ಹಾಕು. ಆದ್ರೂ ಒಂದ್ ಮಾತು, ನಿನ್ ಹತ್ರ 360 ಡಿಸ್ಕ್ ತುಂಬಾ ಇದ್ರೆ ಅದ್ರಲ್ಲಿ ನೂರಾರು ಗೇಮ್ ಈಗಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸಲ್ಲಿ ಓಡ್ತವೆ, ಮೈಕ್ರೋಸಾಫ್ಟ್ ಲಿಸ್ಟಲ್ಲಿ ನಿಂದಿದ್ಯಾ ನೋಡ್ಕೋ. ಅದ್ರ ಅಗ್ಗದ ತಮ್ಮ ಸೀರೀಸ್ ಎಸ್‌ಗೆ ಡಿಸ್ಕ್ ಹಾಕೋ ಜಾಗನೇ ಇಲ್ಲ, ಆಮೇಲೆ ನನ್ ಬೈಬೇಡ.

ಪ್ರಶ್ನೆ: ಕನ್ಸೋಲ್ ಮಾರಿದ್ರೆ ಕಂಪ್ನಿಗೆ ಲಾಸ್ ಅಂತ ಓದ್ದೆ. ಲಾಸ್ ಮಾಡ್ಕೊಂಡು ಯಾರಾದ್ರೂ ವ್ಯಾಪಾರ ಮಾಡ್ತಾರಾ? (ಓದುಗ, ಅರಸೀಕೆರೆ)

ಉತ್ತರ: ಮಾಡ್ತಾರೆ. ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಲ್ಲಿ ಬೋಳಿಸಲ್ವಾ, ಹಂಗೇ. ಬೇರೆಯೋರು ಮಾಡಿದ ಗೇಮ್ ತನ್ನ ಸ್ಟೋರಲ್ಲಿ ಮಾರಾಟ ಆದ್ರೆ ಕನ್ಸೋಲ್ ಕಂಪ್ನಿಗೆ ಸಾಮಾನ್ಯವಾಗಿ 30 ಪರ್ಸೆಂಟ್. ಎಕ್ಸ್‌ಬಾಕ್ಸ್ ಮೆಷೀನಿಂದ ಯಾವತ್ತೂ ಲಾಭ ಬಂದಿಲ್ಲ ಅಂತ 2021ರಲ್ಲಿ ಗೇಮ್ ಕಂಪ್ನಿ ಎಪಿಕ್ ಮತ್ತೆ ಆ್ಯಪಲ್ ಕೇಸಲ್ಲಿ ಮೈಕ್ರೋಸಾಫ್ಟಿನವರೇ ಕೋರ್ಟಲ್ಲಿ ಹೇಳಿದ್ರು. ನೀವು ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಂಡ್ರೆ ಅವರಿಗೆ ಒಂದ್ ಪೈಸೆ ಇಲ್ಲ, ಮೇಲಿನ ಪತ್ರದ ಕಿತಾಪತಿಗೆಲ್ಲ ಮೂಲ ಅದೇ.

ಪ್ರಶ್ನೆ: ಮಗ ಪಿಎಸ್5 ಕೇಳ್ತಿದಾನೆ. ಡಿಸ್ಕ್ ಇಲ್ಲದ್ದು ರೇಟ್ ಕಮ್ಮಿ ಅಂತೆ. ನಮ್ಮದು ತೋಟದ ಮನೆ, ಕರೆಂಟ್ ಇದ್ರೆ ನೆಟ್ ಇರಲ್ಲ. ಯಾವುದು ಒಳ್ಳೇದು? (ಗೃಹಿಣಿ, ಮೂಡಿಗೆರೆ)

ಉತ್ತರ: ಡಿಸ್ಕ್ ಇರೋದೇ ತಗೊಳ್ಳಿ ಅಕ್ಕಾ. 2021ರ ಫೆಬ್ರವರಿಯಲ್ಲಿ ನಮ್ಮಲ್ಲಿ ಬಂದಾಗ ₹49,990 ಮತ್ತೆ ₹39,990 ಇತ್ತು, ಆಮೇಲೆ ಎರಡೂ ಏರಿದಾವೆ. ಡಿಸ್ಕ್ ಇಲ್ಲದ್ರಲ್ಲಿ ಉಳಿಯೋ ದುಡ್ಡು ನಿಮ್ಮ ಕಡೆ ಉಳಿಯಲ್ಲ. ದೊಡ್ಡ ಗೇಮ್ ಒಂದಕ್ಕೆ 100 ಜಿಬಿ ಇರುತ್ತೆ, 10 ಎಂಬಿಪಿಎಸ್ ನೆಟ್ಟಲ್ಲಿ ಅದಕ್ಕೆ ಇಪ್ಪತ್ತೆರಡು ಗಂಟೆ ಬೇಕು, ಅದೂ ಮಧ್ಯೆ ಕರೆಂಟ್ ಹೋಗ್ದಿದ್ರೆ. ಡಿಸ್ಕಿದ್ರೂ ಅಪ್‌ಡೇಟ್ ಅಂತ ಒಂದಷ್ಟು ಡೌನ್‌ಲೋಡ್ ತಪ್ಪಲ್ಲ, ಆದ್ರೂ ಹೆಚ್ಚಿನ ಗೇಮ್ ಶುರುವಾದ್ರೂ ಆಗುತ್ತೆ. ಇನ್ನೊಂದು, ಹೊಸ ಗೇಮ್ ಐದು ಸಾವಿರದ ಹತ್ತಿರ, ಆಡಿ ಮುಗಿಸಿದ್ಮೇಲೆ ಡಿಸ್ಕ್ ಮಾರ್ಬಹುದು ಇಲ್ಲಾ ಪಕ್ಕದ ತೋಟದ ಹುಡುಗನ ಹತ್ರ ಬದಲಾಯಿಸ್ಕೋಬಹುದು, ಡೌನ್‌ಲೋಡ್ ಮಾಡಿದ್ದನ್ನ ಏನೂ ಮಾಡಕ್ಕಾಗಲ್ಲ. ಆನ್‌ಲೈನ್ ಸ್ಟೋರ್‌ಗಳೂ ಶಾಶ್ವತ ಅಲ್ಲ. ಪಿಎಸ್3, ಕೈಲಿ ಹಿಡಿಯೋ ವೀಟಾ ಮೆಷೀನ್‌ಗಳ ಸ್ಟೋರ್ ಮುಚ್ತೀವಿ ಅಂತ ಸೋನಿ 2021ರ ಮಾರ್ಚಲ್ಲಿ ಹೇಳಿ, ಗಲಾಟೆ ಆದ್ಮೇಲೆ ಏಪ್ರಿಲಲ್ಲಿ ಬೇಡ ಅಂತು. ನಿಂಟೆಂಡೊ ತನ್ನ 3ಡಿಎಸ್ ಸ್ಟೋರ್‌ನ 2023ರ ಮಾರ್ಚಲ್ಲಿ ಮುಚ್ಚೇಬಿಡ್ತು. ಒಂದು ಯುಪಿಎಸ್‌ಗೂ ದುಡ್ಡಿಟ್ಕೊಳ್ಳಿ.

ಪ್ರಶ್ನೆ: ನಮ್ದು ಮೊಬೈಲ್ ಅಂಗಡಿ. ಕಂಪ್ನಿಗಳು ನಮ್ಮನ್ನ ಕೇಳ್ದೇನೇ ಆನ್‌ಲೈನಲ್ಲಿ ಮೊದ್ಲು ಬಿಡ್ತಾರೆ. ಇದ್ರಿಂದ ಅವರಿಗೆ ನಷ್ಟ ಆಗಲ್ವಾ? (ಅಂಗಡಿ ಮಾಲೀಕ, ಹಾಸನ)

ಉತ್ತರ: ಜಪಾನಿನ ಗೇಮ್ ಕಂಪ್ನಿ ಸೆಗಾ ಕತೆ ಕೇಳಿ. ಸ್ಯಾಟರ್ನ್ ಕನ್ಸೋಲ್ ಅಮೆರಿಕದಲ್ಲಿ ಸೆಪ್ಟೆಂಬರ್‌ಗೆ ಅಂತ ಹೇಳಿ 1995ರ ಮೇನಲ್ಲೇ ದಿಢೀರಂತ ಕೆಲವೇ ಅಂಗಡಿಗಳಿಗೆ ಬಿಟ್ರು, 399 ಡಾಲರ್. ಅದೇ ದಿನ ಸೋನಿ ಪ್ಲೇಸ್ಟೇಷನ್‌ಗೆ 299 ಅಂತು. ಸ್ಟಾಕ್ ಸಿಗ್ದಿರೋ ಅಂಗಡಿಯೋರಲ್ಲಿ ಕೆಲವರು ಸೆಗಾ ಮಾಲನ್ನೇ ಇಡೋದು ನಿಲ್ಲಿಸಿದ್ರು. ಗೇಮ್ ಮಾಡೋರಿಗೂ ಮೊದ್ಲೇ ಗೊತ್ತಿರ್ಲಿಲ್ಲ, ಹಾಗಾಗಿ ಆಡಕ್ಕೆ ಗೇಮೂ ಇಲ್ಲ. ಸ್ಯಾಟರ್ನ್ ಒಂದು ಕೋಟಿನೂ ಮುಟ್ಲಿಲ್ಲ. ಮುಂದಿನ ಡ್ರೀಮ್‌ಕ್ಯಾಸ್ಟ್ ಚಿನ್ನದಂಥ ಮೆಷೀನು, ಆದ್ರೆ ನಂಬಿಕೆ ಕಳ್ಕೊಂಡಿದ್ರು, 2001ರಲ್ಲಿ ಕನ್ಸೋಲ್ ಮಾಡೋದನ್ನೇ ಕೈಬಿಟ್ರು.

ಪ್ರಶ್ನೆ: ಮೊದ್ಲು ಗೇಮ್ ಪಾರ್ಲರ್ ಇಟ್ಟಿದ್ದೆ, ಎಲ್ಲಾ ಕಾಪಿ ಡಿಸ್ಕ್ ಓಡ್ಲಿ ಅಂತ ಚಿಪ್ ಹಾಕ್ಸಿದ ಪಿಎಸ್2. ಗೇಮಿಗೆ ಅಂತ ಸೋನಿಗೆ ಒಂದ್ರೂಪಾಯಿ ಕೊಟ್ಟಿಲ್ಲ. ಆಗ ಬರ್ತಿದ್ದ ಹುಡುಗ್ರು ಈಗ ಕೆಲಸಕ್ಕೆ ಸೇರಿ ಪಿಎಸ್5 ಕೊಂಡಿದಾರೆ. ಇದೆಂಥಾ ನಿಷ್ಠೆ? ಮತ್ತೆ ಶುರು ಮಾಡಿದ್ರೆ ಯಾವುದು ಹಾಕ್ಲಿ? (ಹಳೇ ಪಾರ್ಲರ್‌ನವ, ಚಿಕ್ಕಮಗಳೂರು)

ಉತ್ತರ: ಕೈ ಅಭ್ಯಾಸ ಸ್ವಾಮಿ, ಆ ಬಟನ್ ಜೋಡಣೆ ಬೆರಳಿಗೆ ಗೊತ್ತು. ಸೋನಿನೂ ನಮ್ಮನ್ನ ಪೂರ್ತಿ ಮರ್ತಿರ್ಲಿಲ್ಲ, ಪಿಎಸ್3 ಬಂದ್ಮೇಲೂ ಇಲ್ಲಿ ಪಿಎಸ್2 ಮಾರ್ತಿತ್ತು, 2009ರಲ್ಲಿ ಹೈದರಾಬಾದಲ್ಲಿ ಮಾಡಿಸಿದ ಹನುಮಾನ್ ಗೇಮ್ ಒಂದನ್ನ ಬಿಡ್ತು. ಗೇಮ್ ಸುಮಾರು, ಆದ್ರೂ ಬಿಡ್ತು. ನಿಂಟೆಂಡೊದ ಸ್ವಿಚ್ ಕನ್ಸೋಲ್ ಜಗತ್ತಲ್ಲಿ 15 ಕೋಟಿ ದಾಟಿದ್ರೂ ನಮ್ಮ ಊರ ಹುಡುಗ್ರಿಗೆ ಅದ್ರ ಮೇಲೆ ಮಮಕಾರ ಇಲ್ಲ, ಕಂಪ್ನಿ ಅದನ್ನ ಇಲ್ಲಿಗೆ ತರ್ಲೇ ಇಲ್ವಲ್ಲ. ಹಾಕೋದಾದ್ರೆ ಡಿಸ್ಕ್ ಇರೋ ಪಿಎಸ್5 ಹಾಕಿ. ಆದ್ರೆ ಅಕೌಂಟ್ ನಿಯಮದಲ್ಲಿ ಮನೆ ಬಳಕೆಗೆ ಮಾತ್ರ ಅಂತ ಇರುತ್ತೆ, ದುಡ್ ತಗೊಂಡು ಆಡಿಸೋದು ಅದ್ರಲ್ಲಿ ಬರಲ್ಲ, ಓದ್ಕೊಳ್ಳಿ. ಎಕ್ಸ್‌ಟ್ರಾ ಕಂಟ್ರೋಲರ್ ರೇಟೂ ವಿಚಾರಿಸಿ, ಆಮೇಲೆ ಗಂಟೆಗೆ ಎಷ್ಟು ಅಂತ ಬೋರ್ಡ್ ಬರೆಸಿ.