ದಾಸವಾಳಕ್ಕೆ ಬಂದದ್ದು ಸೂರ್ಯನ ದೂತನೇ?

ಪ್ರಶ್ನೆ: ನಮ್ಮ ಅಂಗಳದ ದಾಸವಾಳಕ್ಕೆ ಬೆರಳುದ್ದದ ಹಕ್ಕಿಯೊಂದು ದಿನಾ ಬರುತ್ತದೆ. ಕತ್ತು ಮಿರಿಮಿರಿ ನೇರಳೆ, ಬೆನ್ನು ಕಡುಗೆಂಪು, ಹೊಟ್ಟೆ ಹಳದಿ. ಮೊಮ್ಮಗಳು ಮೊಬೈಲ್‌ನಲ್ಲಿ ಹುಡುಕಿ, ‘ಅಜ್ಜಿ, ಇದು ಸನ್‌ಏಂಜೆಲ್’ ಅಂತಾಳೆ. ಹೌದಾ? ಅದೆಂಥ ಹೆಸರು?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಅಲ್ಲಮ್ಮ. ಆದರೆ ಮೊಮ್ಮಗಳನ್ನು ಬೈಯಬೇಡಿ, ಹುಡುಗಿ ಗಮನವಿಟ್ಟು ನೋಡಿದ್ದಾಳೆ.

ಸನ್‌ಏಂಜೆಲ್ ಅನ್ನುವುದು ಹಮ್ಮಿಂಗ್‌ಬರ್ಡ್‌ಗಳ ಒಂದು ಗುಂಪು. ವೆನೆಜುವೆಲಾದಿಂದ ಬೊಲಿವಿಯಾದವರೆಗಿನ ಆಂಡಿಸ್ ಬೆಟ್ಟಗಳೇ ಅವುಗಳ ಮನೆ. ಹಮ್ಮಿಂಗ್‌ಬರ್ಡ್ ಯಾವುದೇ ಇರಲಿ, ಉತ್ತರ, ದಕ್ಷಿಣ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಿಮ್ಮಲ್ಲಿಗೆ ಬರುವುದು ಸೂರಕ್ಕಿ. ಬಣ್ಣ ನೋಡಿದರೆ ನಮ್ಮ ಪಶ್ಚಿಮ ಘಟ್ಟದ್ದೇ ಆದ ಪುಟ್ಟ ಸೂರಕ್ಕಿಯ ಗಂಡು.

ಹೆಸರಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಗ್ರೀಕ್‌ನಲ್ಲಿ ಹೀಲಿಯೋಸ್ ಅಂದರೆ ಸೂರ್ಯ, ಆಂಗೆಲೋಸ್ ಅಂದರೆ ದೂತ. ಎರಡನ್ನೂ ಸೇರಿಸಿ 1848ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ ಈ ಗುಂಪನ್ನು ‘ಹೀಲಿಯಾಂಜೆಲಸ್’ ಎಂದು ಕರೆದ. ಗಂಡಿನ ಕತ್ತು ನೆರಳಲ್ಲಿ ಬರೀ ಮಸಿ. ಬಿಸಿಲು ಸರಿಯಾಗಿ ಬಿದ್ದರೆ ಕೆಲವದರಲ್ಲಿ ನೇರಳೆ, ಕೆಲವದರಲ್ಲಿ ಕಿತ್ತಳೆ ಹೊತ್ತಿಕೊಳ್ಳುತ್ತದೆ. ಅದು ಬಳಿದ ಬಣ್ಣವಲ್ಲ. ಗರಿಯೊಳಗಿನ ಅತಿ ತೆಳು ಪದರಗಳಿಂದ ಬೆಳಕು ಚಿಮ್ಮಿ ಬರುವ ಆಟ, ಸೋಪಿನ ಗುಳ್ಳೆಯಲ್ಲಿ ಕಾಣುತ್ತದಲ್ವಾ, ಹಾಗೆ. ಪೆರುವಿನ ಉತ್ತರದ ಕಡೆ ಇನ್ನೊಂದಿದೆ, ಗಂಡಿಗೆ ಇಡೀ ಮೈ ಗಾಢ ನೀಲಿ. ಅಷ್ಟು ಎದ್ದು ಕಾಣುವ ಹಕ್ಕಿಯ ವಿವರ ವಿಜ್ಞಾನಿಗಳ ಬರಹಕ್ಕೆ ಬಂದದ್ದು 1979ರಲ್ಲಿ!

ನಿಮ್ಮ ಸೂರಕ್ಕಿಯ ಕತ್ತಿನಲ್ಲೂ ಇದೇ ಆಟ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಡಿಕೇರಿಯ ನಮ್ಮ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದೆ. ಮಂಜು. ಗೇಟಿನ ಪಕ್ಕದ ಹೂವಿನ ಮೇಲೆ ಏನೋ ಕಪ್ಪು ಚುಕ್ಕಿ, ದುಂಬಿ ಅಂದುಕೊಂಡೆ. ಅರೆಗಳಿಗೆ ಬಿಸಿಲು ಇಣುಕಿತು ನೋಡಿ, ಕತ್ತು ಧಗ್ ಅಂತ ನೇರಳೆಯಾಯಿತು. ಮತ್ತೆ ಮಂಜು, ಮತ್ತೆ ಕಪ್ಪು. ಕಾಫಿ ಆರಿಹೋಯಿತು. ಬೆನ್ನಿನ ಕೆಂಪು ಮಾತ್ರ ಹೀಗೆ ಆಡುವುದಿಲ್ಲ, ಅದು ನಿಜವಾದ ಬಣ್ಣ.

ಮೊಮ್ಮಗಳಿಗೆ ಒಂದು ಕೆಲಸ ಕೊಡಿ. ಹಮ್ಮಿಂಗ್‌ಬರ್ಡ್ ಹೆಚ್ಚಾಗಿ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ, ಹಿಂದಕ್ಕೂ ಹಾರುತ್ತದೆ. ಸೂರಕ್ಕಿಗೆ ಸಾಮಾನ್ಯವಾಗಿ ಕೂರಲು ಜಾಗ ಬೇಕು. ದಾಸವಾಳ ದೊಡ್ಡ ಹೂವಲ್ವಾ, ಎಷ್ಟೋ ಸಲ ಬಾಗಿಲಿಂದ ಹೋಗುವ ತಾಪತ್ರಯವೇ ಬೇಡ ಅಂತ ತೊಟ್ಟಿನ ಹತ್ತಿರ ಕೊಕ್ಕು ಚುಚ್ಚಿ ಕದಿಯುತ್ತದೆ. ಅದು ಹಾರಿಹೋದ ಮೇಲೆ ಹೂವಿನ ಬುಡ ನೋಡಲಿ. ಸೂಜಿ ಚುಚ್ಚಿದ ಹಾಗೆ ತೂತು ಇರಬಹುದು.