ಡಾಕ್ಟ್ರೇ, ಒಂದು ಪ್ರಶ್ನೆ: ಬಿಡದ ಜ್ವರ, ಇಳಿದ ಸೋಡಿಯಂ, ಬಿಂಬುಳಿ ಜ್ಯೂಸ್

ಮಳೆ ನಿಂತರೂ ಜ್ವರದ ಪತ್ರಗಳು ನಿಂತಿಲ್ಲ. ಹೆಚ್ಚಿನವರು ರಿಪೋರ್ಟಿನ ಫೋಟೊ ಒಂದನ್ನೇ ಕಳಿಸಿ "ಇದು ಎಂತ ಡಾಕ್ಟ್ರೇ?" ಅಂತ ಕೇಳಿದ್ದಾರೆ. ರಿಪೋರ್ಟಿನಿಂದ ಗೊತ್ತಾಗುವುದು ಸ್ವಲ್ಪವೇ ಮಾರಾಯ್ರೇ. ವಯಸ್ಸು ಎಷ್ಟು, ಕೆಲಸ ಏನು, ಶುಗರ್ ಇದೆಯಾ, ದಿನಾ ಯಾವ ಮಾತ್ರೆ ನುಂಗುತ್ತೀರಿ, ಇದೆಲ್ಲ ಬೇಕು. ಅಷ್ಟು ಬರೆದವರ ಪತ್ರಗಳನ್ನೇ ಈ ಸಲ ಆರಿಸಿದ್ದೇನೆ. ಇದನ್ನು ಓದಿ ಮನೆಯಲ್ಲೇ ಮಾತ್ರೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಪ್ರಶ್ನೆ: ತಂದೆಗೆ 57 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಗದ್ದೆ ಕೆಲಸ ಅವರೇ ಮಾಡುತ್ತಾರೆ. ನಾಟಿ ಮುಗಿದು ಎರಡು ವಾರಕ್ಕೆ ಜ್ವರ, ಕೆಮ್ಮು ಶುರುವಾಯಿತು. ಎಂಟು ಕೆಜಿ ಇಳಿದಿದ್ದಾರೆ. ಎಕ್ಸ್‌ರೇಯಲ್ಲಿ ಬಲಗಡೆ ಕಲೆ ಇದೆ. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಶುರು ಮಾಡಿದರು. ಐದು ವಾರವಾದರೂ ಜ್ವರ ಬಿಟ್ಟಿಲ್ಲ. ಈಗ ಸ್ಕ್ಯಾನಿಂಗ್‌ನಲ್ಲಿ ಗುಲ್ಮದಲ್ಲಿ (ಸ್ಪ್ಲೀನ್) ಸಣ್ಣ ಸಣ್ಣ ಕೀವುಗಡ್ಡೆ ಇದೆ ಎಂದಿದ್ದಾರೆ. ಮೊದಲಿನ ಆಸ್ಪತ್ರೆಯಲ್ಲಿ ರಕ್ತದ ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ 'ಸ್ಯೂಡೋಮೊನಾಸ್ ಸ್ಪೀಷೀಸ್' ಎಂದು ಬಂದಿತ್ತು. ಅದು ಏನೂ ಅಲ್ಲ ಎಂದು ಬಿಟ್ಟುಬಿಟ್ಟರು. ಏನು ಮಾಡಬೇಕು? (ಬ್ರಹ್ಮಾವರದ ಓದುಗರು)

ಉತ್ತರ: ನಿಮ್ಮ ಪತ್ರ ಇಟ್ಟುಕೊಂಡೇ ಪಾಠ ಮಾಡಬಹುದು, ಅಷ್ಟು ಚೆನ್ನಾಗಿ ಬರೆದಿದ್ದೀರಿ. ಶುಗರ್, ಗದ್ದೆಯ ಕೆಸರು, ಮಳೆಗಾಲ, ಶ್ವಾಸಕೋಶದಲ್ಲಿ ಕಲೆ, ಗುಲ್ಮದಲ್ಲಿ ಕೀವು. ನಮ್ಮ ಕರಾವಳಿಯಲ್ಲಿ ಈ ಐದೂ ಒಟ್ಟಿಗೆ ಕಂಡರೆ ಮೊದಲು ಕೇಳಬೇಕಾದ ಹೆಸರು ಮೆಲಿಯಾಯ್ಡೋಸಿಸ್. ಟಿಬಿ ಅಲ್ಲವೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಹುಡುಕದೆ ಟಿಬಿ ಮಾತ್ರೆಯನ್ನೇ ಮುಂದುವರಿಸುತ್ತಾ ಕೂರುವುದು ಸರಿಯಲ್ಲ.

ಇದು ಹೊಸ ರೋಗವೇನೂ ಅಲ್ಲ. 1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ಇಬ್ಬರು ವೈದ್ಯರು ಇದನ್ನು ಮೊದಲು ಗುರುತಿಸಿದರು. ರೋಗಾಣುವಿನ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲೈ. ಅದು ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತದೆ. ಕಾಲಿನ ಗಾಯ, ಬಿರುಕುಬಿಟ್ಟ ಹಿಮ್ಮಡಿಯಿಂದ ಒಳಗೆ ಹೋಗುತ್ತದೆ, ಜೋರು ಗಾಳಿಮಳೆಯಲ್ಲಿ ಉಸಿರಿನ ಜೊತೆಗೂ ಹೋಗಬಹುದು. ಗಟ್ಟಿಮುಟ್ಟಾದವರಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ಶುಗರ್ ಇದ್ದವರು, ಕಿಡ್ನಿ ತೊಂದರೆ ಇದ್ದವರು, ಜಾಸ್ತಿ ಕುಡಿಯುವವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಮಣಿಪಾಲದ ವೈದ್ಯರು ಉಡುಪಿ ಸುತ್ತಮುತ್ತಲಿನ ರೋಗಿಗಳ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಹಾಗಾಗಿ 'ಇಲ್ಲಿ ಅಂಥದ್ದೆಲ್ಲ ಇಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಆ ಕಲ್ಚರ್ ರಿಪೋರ್ಟ್. ನನಗೆ ಜಾಸ್ತಿ ಚಿಂತೆ ಅದರದ್ದೇ. ಈ ರೋಗಾಣುವಿನ ಪರಿಚಯ ಇಲ್ಲದ ಲ್ಯಾಬ್‌ಗಳು 'ಸ್ಯೂಡೋಮೊನಾಸ್ ಸ್ಪೀಷೀಸ್' ಎಂದು ಬರೆದು ಕೈತೊಳೆದುಕೊಳ್ಳುವುದು, ಇಲ್ಲ ಹೊರಗಿನಿಂದ ಸೇರಿದ ಕಸ ಎಂದು ಬದಿಗಿಡುವುದು ಮೊದಲಿನಿಂದಲೂ ನಡೆದಿದೆ. ಅದೇ ಹಾಳೆಯ ಕೆಳಗೆ ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬ ಪಟ್ಟಿ ಇರುತ್ತದೆ, ನೋಡಿ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎದುರು 'ಆರ್' (ನಾಟುವುದಿಲ್ಲ) ಇದ್ದು, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎದುರು 'ಎಸ್' (ನಾಟುತ್ತದೆ) ಇದ್ದರೆ ಅನುಮಾನ ಬಲವಾಗುತ್ತದೆ. ಸಾಮಾನ್ಯ ಸ್ಯೂಡೋಮೊನಾಸ್ ಹಾಗೆ ಇರುವುದಿಲ್ಲ. ಆ ಹಾಳೆಯನ್ನು ಎಸೆಯದೆ ಹಿಡಿದುಕೊಂಡು ಹೋಗಿ.

ನಾಳೆಯೇ ದೊಡ್ಡ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಕರೆದುಕೊಂಡು ಹೋಗಿ. "ಮೆಲಿಯಾಯ್ಡೋಸಿಸ್ ಇರಬಹುದಾ, ಕಲ್ಚರ್ ಮತ್ತೆ ಮಾಡುತ್ತೀರಾ" ಎಂದು ನೇರವಾಗಿ ಕೇಳಿ. ಸಂಕೋಚ ಬೇಡ. ರಕ್ತ, ಕಫ, ಮೂತ್ರ, ಗಂಟಲಿನ ಸ್ವ್ಯಾಬ್, ಸಾಧ್ಯವಾದರೆ ಕೀವು, ಎಲ್ಲದರ ಕಲ್ಚರ್ ಆಗಬೇಕು. ಏನನ್ನು ಹುಡುಕುತ್ತಿದ್ದೇವೆ ಎಂದು ಲ್ಯಾಬ್‌ನವರಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ರೋಗಾಣು ಬೆಳೆಸುವ ತಟ್ಟೆಯನ್ನು ಬೇಗ ಎಸೆದುಬಿಡುತ್ತಾರೆ. ಗಂಡಸರಲ್ಲಿ ಪ್ರಾಸ್ಟೇಟ್ ಒಳಗೂ ಕೀವು ಇರುವುದುಂಟು, ಅದನ್ನೂ ಸ್ಕ್ಯಾನಿಂಗ್‌ನಲ್ಲಿ ನೋಡಬೇಕು. ಕಫದಲ್ಲಿ ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಟಿಬಿ ಮಾತ್ರೆ ನಿಲ್ಲಿಸಬೇಕೋ ಬೇಡವೋ ಅದಾದ ಮೇಲೆ ಅವರೇ ಹೇಳುತ್ತಾರೆ.

ಖಚಿತವಾದರೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್. ಕಡಿಮೆ ಎಂದರೂ 10ರಿಂದ 14 ದಿನ, ಒಳಗೆ ಕೀವುಗಡ್ಡೆ ಇರುವವರಿಗೆ ಇನ್ನೂ ಜಾಸ್ತಿ. ಆಮೇಲೆ ಕನಿಷ್ಠ 3 ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಈ ಎರಡನೇ ಭಾಗದಲ್ಲೇ ಜನ ಸೋಲುವುದು. ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ, ಮಾತ್ರೆ ಯಾಕೆ ಅನಿಸುತ್ತದೆ. ನಿಲ್ಲಿಸಿದರೆ ಮತ್ತೆ ಬರುತ್ತದೆ, ಮತ್ತೆ ಬಂದರೆ ಜೀವಕ್ಕೇ ಅಪಾಯ. ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಪೊಟ್ಯಾಸಿಯಂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿಸುತ್ತಿರಬೇಕು. ಮುಂದಿನ ವರ್ಷ ಗದ್ದೆಗೆ ಇಳಿಯುವಾಗ ಗಂಬೂಟು ಹಾಕಿಕೊಳ್ಳಲಿ. ಕೆಸರಿನಲ್ಲಿ ಅದು ಹೂತುಹೋಗುತ್ತದೆ ಎಂದು ಅವರು ಬೈಯುತ್ತಾರೆ, ಗೊತ್ತು. ಬೈದರೆ ಬೈಯಲಿ.

ಪ್ರಶ್ನೆ: ಜ್ವರ ಬಂದಾಗಲೆಲ್ಲ ಟೈಫಾಯ್ಡ್ ನೋಡುವ ವಿಡಾಲ್ ರಕ್ತ ಪರೀಕ್ಷೆ ಪಾಸಿಟಿವ್ ಬರುತ್ತದೆ. ಎರಡು ವರ್ಷದಲ್ಲಿ ನಾಲ್ಕು ಸಲ ಟೈಫಾಯ್ಡ್ ಆಯಿತು. ನನ್ನ ದೇಹದಲ್ಲೇ ಟೈಫಾಯ್ಡ್ ಉಳಿದುಬಿಟ್ಟಿದೆಯಾ? (ಮೂಡುಬಿದಿರೆ)

ಉತ್ತರ: ನಾಲ್ಕು ಸಲ ವಿಡಾಲ್ ಪಾಸಿಟಿವ್ ಆಯಿತು ಎನ್ನಿ, ಟೈಫಾಯ್ಡ್ ಆಯಿತು ಎನ್ನಬೇಡಿ. ಇದು 1896ರ ಪರೀಕ್ಷೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದರೆ, ಕೆಲವು ಸಲ ಬೇರೆ ಜ್ವರದಲ್ಲೂ ಪಾಸಿಟಿವ್ ತೋರಿಸುತ್ತದೆ. ಜ್ವರದ ಎರಡನೇ ದಿನವೇ ವಿಡಾಲ್ ಮಾಡಿಸುವುದಂತೂ ದುಡ್ಡು ದಂಡ. ಮುಂದಿನ ಸಲ ಮೂರು ದಿನ ದಾಟಿದ ಜ್ವರ ಬಂದರೆ, ಆ್ಯಂಟಿಬಯಾಟಿಕ್ ಮುಟ್ಟುವ ಮೊದಲೇ ಬ್ಲಡ್ ಕಲ್ಚರ್ ಮಾಡಿಸಿ. ಜೊತೆಗೆ ಮಲೇರಿಯಾ, ಡೆಂಗ್ಯೂ ಪರೀಕ್ಷೆ ಆಗಲಿ. ಮೀನಖಂಡ ಹಿಡಿದುಕೊಂಡು ಕಣ್ಣು ಕೆಂಪಾಗಿದ್ದರೆ ಇಲಿಜ್ವರಕ್ಕೂ ನೋಡಬೇಕು.

ಪ್ರಶ್ನೆ: ಅಮ್ಮನಿಗೆ 76. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಹದಿನೈದು ದಿನದಿಂದ ಸದಾ ನಿದ್ದೆ, ನಡೆಯುವಾಗ ವಾಲುತ್ತಾರೆ, ನಿನ್ನೆ ನನ್ನನ್ನೇ ಅಕ್ಕ ಎಂದು ಕರೆದರು. ತಲೆಯ ಸ್ಕ್ಯಾನ್ ಸರಿ ಇದೆ. ರಕ್ತದಲ್ಲಿ ಸೋಡಿಯಂ 119 ಬಂತು. ಉಪ್ಪು ಜಾಸ್ತಿ ಕೊಡಿ ಎಂದು ನೆಂಟರು ಹೇಳುತ್ತಿದ್ದಾರೆ. ಬಿಪಿಗೆ ಉಪ್ಪು ಬೇಡ ಅಂತ ಅಲ್ವಾ? (ಕದ್ರಿ, ಮಂಗಳೂರು)

ಉತ್ತರ: ಮೊದಲು ಇದನ್ನು ಓದಿ: 119 ಇದ್ದು ಮಾತು ತಪ್ಪುತ್ತಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ವಿಷಯ ಅಲ್ಲ. ಇಂದೇ ಅಡ್ಮಿಟ್ ಮಾಡಿ. ಸೋಡಿಯಂ 135ರಿಂದ 145 ಇರಬೇಕು. ಇನ್ನೂ ಇಳಿದರೆ ಫಿಟ್ಸ್ ಬರಬಹುದು.

ಅಡ್ಮಿಟ್ ಆದ ಮೇಲೆ ಉಳಿದದ್ದನ್ನು ಓದಿ.

ಅಮ್ಮನ ಬಿಪಿ ಮಾತ್ರೆಯ ಪಟ್ಟಿ (ಸ್ಟ್ರಿಪ್) ತಿರುಗಿಸಿ ನೋಡಿ. ಹೆಸರಿನ ಕೊನೆಯಲ್ಲಿ 'ಎಚ್' ಎಂಬ ಒಂದೇ ಅಕ್ಷರ ಇದೆಯಾ? ಹೆಚ್ಚಾಗಿ ಅದರ ಅರ್ಥ ಹೈಡ್ರೋಕ್ಲೋರೋಥಿಯಾಜೈಡ್ ಎಂಬ ಮೂತ್ರದ ಮಾತ್ರೆಯೂ ಅದರಲ್ಲಿ ಸೇರಿದೆ ಎಂದು. ಹಿಂದಿನ ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರು ಇರುತ್ತದೆ. ಕ್ಲೋರ್‌ಥಾಲಿಡೋನ್ ಕೂಡ ಅದೇ ಜಾತಿ. ಒಳ್ಳೆಯ ಔಷಧಿಗಳೇ, ಲಕ್ಷಾಂತರ ಜನ ತೆಗೆದುಕೊಳ್ಳುತ್ತಾರೆ. ಆದರೆ ವಯಸ್ಸಾದ, ತೆಳ್ಳಗಿನ ಹೆಂಗಸರಲ್ಲಿ ಸೋಡಿಯಂ ಇಳಿಸುವುದರಲ್ಲಿ ಇವು ಮುಂದು. ಮಾತ್ರೆ ಬದಲಾಯಿಸಿದ್ದು ಯಾವಾಗ ಎಂದು ನೀವು ಬರೆದಿಲ್ಲ. ಈ ತೊಂದರೆ ಶುರುವಾಗುವ ಸ್ವಲ್ಪ ಮೊದಲೇ ಬದಲಾಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ನಿದ್ದೆಗೆ, ಖಿನ್ನತೆಗೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ, ಎಲ್ಲ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ.

ಊಟ ಏನು ಮಾಡುತ್ತಾರೆ ಎಂದೂ ಕೇಳಬೇಕು. ನಮ್ಮ ಕಡೆ ಅಜ್ಜಿಯರು ಹಲ್ಲಿಲ್ಲ, ರುಚಿಯಿಲ್ಲ ಎಂದು ಎರಡು ಹೊತ್ತು ಗಂಜಿ ತಿಳಿ, ಮಧ್ಯೆ ಚಹಾ, ಅಷ್ಟರಲ್ಲೇ ದಿನ ಕಳೆಯುತ್ತಾರೆ. ಬಿಪಿ ಅಂತ ಉಪ್ಪಿನಕಾಯಿಯೂ ಬಂದ್. ಬೇಳೆ, ಮೀನು, ಮೊಟ್ಟೆ ಏನೂ ಇಲ್ಲದೆ ಬರೀ ನೀರೇ ಒಳಗೆ ಹೋದರೆ, ಆ ಜಾಸ್ತಿ ನೀರನ್ನು ಹೊರಹಾಕಲು ಕಿಡ್ನಿಗೆ ಕಷ್ಟ. ಅದರ ಮೇಲೆ ಈ ಮಾತ್ರೆ. ಸೋಡಿಯಂ ಕಡಿಮೆಯಾಗುವುದು ಎಷ್ಟೋ ಸಲ ಉಪ್ಪು ಸಾಲದೆ ಅಲ್ಲ, ನೀರು ಜಾಸ್ತಿಯಾಗಿ. ಹಾಗಾಗಿ ಚಮಚದಲ್ಲಿ ಉಪ್ಪು ತಿನ್ನಿಸುವ ನೆಂಟರ ಸಲಹೆ ಬೇಡ.

ಆಸ್ಪತ್ರೆಯಲ್ಲಿ ನಿಧಾನ ಮಾಡುತ್ತಿದ್ದಾರೆ ಎಂದು ಜಗಳ ಆಡಬೇಡಿ. ಸೋಡಿಯಂ ಅನ್ನು 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಜಾಸ್ತಿ ಏರಿಸಬಾರದು. ಗಡಿಬಿಡಿ ಮಾಡಿದರೆ ಮೆದುಳಿನ ನರಗಳ ಹೊದಿಕೆಗೆ ಪೆಟ್ಟಾಗಿ ಕೈಕಾಲು, ಮಾತು ಹೋಗಬಹುದು. ಥೈರಾಯ್ಡ್ ಮತ್ತು ಬೆಳಗಿನ ಕಾರ್ಟಿಸೋಲ್ ಹಾರ್ಮೋನ್ ಪರೀಕ್ಷೆ ಆಗಿದೆಯಾ ಎಂದು ಮಾತ್ರ ಕೇಳಿ. ಮಾತ್ರೆಯೇ ಕಾರಣವಾಗಿದ್ದರೆ, ಅದನ್ನು ನಿಲ್ಲಿಸಿದ ಮೇಲೆ ಅಮ್ಮ ಮೊದಲಿನಂತಾಗುವ ಸಾಧ್ಯತೆ ಚೆನ್ನಾಗಿದೆ. ಆ ಜಾತಿಯ ಮಾತ್ರೆ ಮತ್ತೆ ಕೊಡಬಾರದು ಎಂದು ಅವರ ಫೈಲಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಸಿಕೊಳ್ಳಿ.

ಪ್ರಶ್ನೆ: ಉಪ್ಪೂರು ಏರು ಹತ್ತುವಾಗ ಎದೆಯ ಮಧ್ಯೆ ಉರಿ, ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತದೆ. ವಯಸ್ಸು 52. ತಿಂಗಳಿಂದ ಗ್ಯಾಸ್ಟ್ರಿಕ್ ಮಾತ್ರೆ ತಿಂದರೂ ಕಡಿಮೆಯಿಲ್ಲ. (ಉಡುಪಿ)

ಉತ್ತರ: ಗ್ಯಾಸ್ಟ್ರಿಕ್‌ಗೆ ಏರು ಯಾವುದು, ಸಮತಟ್ಟು ಯಾವುದು ಗೊತ್ತಾಗುವುದಿಲ್ಲ. ಹೃದಯಕ್ಕೆ ಗೊತ್ತಾಗುತ್ತದೆ. ನಡೆದರೆ ಬಂದು ನಿಂತರೆ ಹೋಗುವ ಉರಿಯನ್ನು, ಅಲ್ಲ ಎಂದು ಸಾಬೀತಾಗುವ ತನಕ ಹೃದಯದ್ದೇ ಎಂದುಕೊಳ್ಳಬೇಕು. ಸುಮ್ನೆ ಕೂತಾಗ ತೆಗೆದ ಇಸಿಜಿ ಸರಿ ಇದ್ದರೂ ಸಮಾಧಾನ ಪಡಬೇಡಿ. ಈ ವಾರವೇ ಹೃದಯದ ಡಾಕ್ಟರನ್ನು ನೋಡಿ. ಕೂತಾಗಲೂ ಉರಿ ಬಂದು ಹತ್ತು ನಿಮಿಷವಾದರೂ ಹೋಗದಿದ್ದರೆ, ಬೆವರಿದರೆ, ಸೋಡಾ ಕುಡಿಯುತ್ತಾ ಕಾಯದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಜೂನ್, ಆಗಸ್ಟ್, ಈಗ ಮತ್ತೆ. ಮೂರನೇ ಸಲ ವೈವಾಕ್ಸ್ ಮಲೇರಿಯಾ. ಸೊಳ್ಳೆಪರದೆ ಕಟ್ಟಿಯೇ ಮಲಗುತ್ತೇನೆ. ವಯಸ್ಸು 31, ತೂಕ 86. ಇಷ್ಟು ಸೊಳ್ಳೆ ಎಲ್ಲಿಂದ ಕಚ್ಚುತ್ತದೆ? (ಸುರತ್ಕಲ್)

ಉತ್ತರ: ಹೊಸ ಸೊಳ್ಳೆ ಕಚ್ಚಿರಲೇಬೇಕು ಎಂದಿಲ್ಲ. ವೈವಾಕ್ಸ್ ರೋಗಾಣು ಲಿವರ್‌ನಲ್ಲಿ ಅಡಗಿ ಮಲಗುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ರಕ್ತಕ್ಕೆ ಬರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರವೂ ಬಿಡುತ್ತದೆ. ಮಲಗಿದ್ದನ್ನು ಕೊಲ್ಲುವುದು ಪ್ರೈಮಾಕ್ವಿನ್, 14 ದಿನ. ನಿಜ ಹೇಳಿ, ಹದಿನಾಲ್ಕೂ ದಿನ ತೆಗೆದುಕೊಂಡಿದ್ದೀರಾ? ಐದನೇ ದಿನ ಡ್ಯೂಟಿಗೆ ಹೋದವರು ಉಳಿದ ಮಾತ್ರೆಯನ್ನು ಡ್ರಾಯರಿನಲ್ಲಿ ಮರೆಯುವುದು ಮಾಮೂಲಿ.

ಪೂರ್ತಿ ತೆಗೆದುಕೊಂಡಿದ್ದೀರಿ ಎಂದಾದರೆ ಡೋಸ್ ನೋಡಿ. ಕೆಜಿಗೆ 0.25 ಮಿಲಿಗ್ರಾಂ ಲೆಕ್ಕ. ಎಲ್ಲರಿಗೂ ಕೊಡುವ 15 ಮಿಲಿಗ್ರಾಂ ಸರಿಹೊಂದುವುದು 60 ಕೆಜಿಯವರಿಗೆ. ನಿಮ್ಮ 86ಕ್ಕೆ ಸುಮಾರು 21.5 ಮಿಲಿಗ್ರಾಂ ಬೇಕು. ಈ ಲೆಕ್ಕವನ್ನು ನಿಮ್ಮ ಡಾಕ್ಟರ ಮುಂದಿಡಿ, ನೀವೇ ಏರಿಸಿಕೊಳ್ಳಬೇಡಿ. ಮೊದಲು ಜಿ6ಪಿಡಿ ಎಂಬ ಕಿಣ್ವದ ರಕ್ತ ಪರೀಕ್ಷೆ ಆಗಬೇಕು. ಅದು ಕಡಿಮೆ ಇರುವವರಿಗೆ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯುತ್ತದೆ. ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳಿ, ಮೂತ್ರ ಕಪ್ಪಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಪರದೆ ಬಿಡಬೇಡಿ. ನಗರದ ಮಲೇರಿಯಾ ಸೊಳ್ಳೆ ಮೊಟ್ಟೆಯಿಡುವುದು ಶುದ್ಧ ನೀರಿನಲ್ಲಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರನ್ನೂ, ನಿಮ್ಮದೇ ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ನೋಡಿ.

ಪ್ರಶ್ನೆ: ನನ್ನ ಕೊಲೆಸ್ಟ್ರಾಲ್ 236. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ಜ್ಯೂಸ್ ಕುಡಿದರೆ ಇಳಿಯುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಹಿತ್ತಿಲಲ್ಲಿ ಮರ ತುಂಬಾ ಕಾಯಿ ಇದೆ. ನಾಲ್ಕು ದಿನ ಕುಡಿದೆ. ಮಾವನಿಗೂ ಕೊಡಬಹುದಾ? ಅವರ ಕ್ರಿಯಾಟಿನಿನ್ 3.4. (ಕಾಪು)

ಉತ್ತರ: ಇವತ್ತಿಗೇ ನಿಲ್ಲಿಸಿ. ಬಿಂಬುಳಿಯಲ್ಲಿ ಆಕ್ಸಲೇಟ್ ಎಂಬ ಅಂಶ ತುಂಬಾ ಇದೆ. ಹಿಂಡಿ ಗಟ್ಟಿ ರಸ ಕುಡಿದರೆ ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳುಗಟ್ಟಿ ಕೂರುತ್ತದೆ. ಹೀಗೆ ಕೊಲೆಸ್ಟ್ರಾಲ್‌ಗೆಂದು ಜ್ಯೂಸ್ ಕುಡಿದು ಕಿಡ್ನಿ ಕೆಟ್ಟ ಹತ್ತು ಜನರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದರು. ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಮೊದಲು ಏನೂ ಇರದಿದ್ದವರಿಗೂ ಹೀಗಾಗಬಹುದು.

ನೀವು ನಾಳೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ವಾರ ಬಿಟ್ಟು ಮತ್ತೊಮ್ಮೆ. ವಾಂತಿ, ಬಿಡದ ಬಿಕ್ಕಳಿಕೆ, ಸೊಂಟದ ಪಕ್ಕ ನೋವು, ಮೂತ್ರ ಕಡಿಮೆ, ಯಾವುದಾದರೂ ಕಂಡರೆ ಕಾಯಬೇಡಿ. ಡಾಕ್ಟರಿಗೆ ಜ್ಯೂಸಿನ ವಿಷಯ ಮೊದಲೇ ಹೇಳಿ. ಯಾರೂ ತಾವಾಗಿ ಹೇಳುವುದಿಲ್ಲ, ಯಾಕೆಂದರೆ ಅದು ಔಷಧಿ ಅಂತ ಯಾರಿಗೂ ಅನಿಸುವುದಿಲ್ಲ. ಬಂಗುಡೆ ಸಾರಿಗೆ ಹಾಕುವ ನಾಲ್ಕು ಕಾಯಿಯ ಬಗ್ಗೆ ನಿಮಗೆ ಹೆದರಿಕೆ ಬೇಡ. ಇನ್ನು 236 ಎಂಬ ಒಂದು ಅಂಕಿಯಿಂದ ಏನೂ ತೀರ್ಮಾನಿಸಲು ಆಗುವುದಿಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟು, ಬಿಪಿ, ಶುಗರ್ ಇದೆಯಾ, ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿದೆಯಾ, ಬರೆದು ಕಳಿಸಿ.

ಮಾವನಿಗೆ ಬಿಂಬುಳಿ ಸಾರಿನಲ್ಲೂ ಬೇಡ. ಅದೇ ಜಾತಿಯ ದಾರೆಹುಳಿಯಂತೂ ಒಂದು ಹೋಳೂ ಬೇಡ. ಕಿಡ್ನಿ ಕೆಟ್ಟವರಲ್ಲಿ ಅದರ ವಿಷ ಹೊರಹೋಗದೆ ಮೆದುಳಿಗೆ ಏರಿ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತದೆ, ಜೀವ ಹೋದದ್ದೂ ಇದೆ. ಆ ವಾಟ್ಸ್ಆ್ಯಪ್ ಸಂದೇಶ ಕಳಿಸಿದವರಿಗೂ ಇದನ್ನು ಹೇಳಿಬಿಡಿ.